ಮಾಸ್ತರರ ಮುಳ್ಳು, ಕಾಕಾರ ಮೊಣಕಾಲು

ಪುಣೆಯ ಹಳೆ ಸಾಮಾನಿನ ಸಂತೆಯಾದ ಜುನಾ ಬಾಜಾರಿನಲ್ಲಿ ಅರ್ಧ ದಿನ ಚೌಕಾಸಿ ಮಾಡಿ ನಮ್ಮ ಮಾಸ್ತರರು ಹಿತ್ತಾಳೆಯ ವಾಯುಭಾರಮಾಪಕವೊಂದನ್ನು ತಂದರು. ಅಂಗೈಯಗಲದ ಗಾಜು, ಒಳಗೊಂದು ಸಣಕಲು ಮುಳ್ಳು. ಅಂಚಿನಲ್ಲಿ ಗಾಳಿಯ ಒತ್ತಡ ಎಷ್ಟು ಎತ್ತರದ ಪಾದರಸವನ್ನು ಹೊರುತ್ತದೆ ಎಂಬ ಅಂಗುಲದ ಲೆಕ್ಕ. ಅದರ ಮೇಲೆ ಬಿರುಗಾಳಿ, ಮಳೆ, ಬದಲಾವಣೆ, ನಿರ್ಮಲ, ತೀರಾ ಒಣ ಎಂದು ಇಂಗ್ಲಿಷಿನಲ್ಲಿ ಐದು ಭವಿಷ್ಯ. ಮೇ ತಿಂಗಳ ಪುಣೆ, ಒಂದು ಎಲೆಯೂ ಅಲುಗುತ್ತಿಲ್ಲ. ಅಮೃತತುಲ್ಯದ, ಅಂದರೆ ಓಣಿಯ ಚಹಾದಂಗಡಿಯ, ಬೆಂಚಿನ ಮೇಲಿಟ್ಟರೆ ಮುಳ್ಳು 28 ಅಂಗುಲದ ‘ಬಿರುಗಾಳಿ’ಯ ಮೇಲೆ ಹೋಗಿ ಕುಳಿತಿತು.

“ಮಾರಿದವನು ನಿಮ್ಮ ಮುಖ ನೋಡಿಯೇ ಮಾರಿದ್ದಾನೆ” ಎಂದರು ವಿಜಯಪುರದ ಕಾಕಾ. ಅವರ ಎಡ ಮೊಣಕಾಲೇ ಇಷ್ಟು ದಿನ ನಮ್ಮ ಓಣಿಯ ಹವಾಮಾನ ಇಲಾಖೆ. ಪ್ರತಿಸ್ಪರ್ಧಿ ಬಂದದ್ದು ಅವರಿಗೆ ಹಿಡಿಸಿರಲಿಲ್ಲ.

“ತಪ್ಪು ಯಂತ್ರದ್ದಲ್ಲ, ಊರಿನದು” ಎಂದು ಮಾಸ್ತರರು ಬಸಿ ಕೆಳಗಿಟ್ಟರು. “ಇದರ ಮೇಲಿನ ಭವಿಷ್ಯವೆಲ್ಲ ಸಮುದ್ರಮಟ್ಟದ ಲೆಕ್ಕಕ್ಕೆ ಬರೆದದ್ದು. ಅಲ್ಲಿ ಗಾಳಿಯ ಒತ್ತಡ, ಈಗಿನ ಅಳತೆಯಲ್ಲಿ, ಸುಮಾರು 1013 ಹೆಕ್ಟೋಪ್ಯಾಸ್ಕಲ್. ಎಂಟು ಮೀಟರ್ ಏರಿದಂತೆಲ್ಲ ಒಂದೊಂದು ಕಳೆಯುತ್ತದೆ. ನಾವಿರುವುದು 560 ಮೀಟರ್ ಮೇಲೆ. ಮುಂಬಯಿಯವರು ಹೊತ್ತಷ್ಟು ಗಾಳಿ ನಮ್ಮ ತಲೆಯ ಮೇಲಿಲ್ಲ.”

“ಅಷ್ಟು ಹಗುರವಿದ್ದೂ ಇಲ್ಲಿಯ ಅಂಗಡಿಯವರು ಒಂದರಿಂದ ನಾಲ್ಕರವರೆಗೆ ಏಕೆ ಮಲಗುತ್ತಾರೆ?” ಎಂದರು ಕಾಕಾ.

ಮಾಸ್ತರರು ಕೇಳಿಸಿಕೊಳ್ಳಲಿಲ್ಲ. 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದು, ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಸಿಕೊಳ್ಳುವ ಹವಾಮಾನ ಕಚೇರಿಯ ಆ ದಿನದ ಸಮುದ್ರಮಟ್ಟದ ಅಂಕಿಯನ್ನು ಮೊಬೈಲಿನಲ್ಲಿ ಹುಡುಕಿ, ಮಾಪಕದ ಬೆನ್ನಿನ ತಿರುಪನ್ನು ತಿರುಗಿಸಿದರು. ಮುಳ್ಳು ಶರಣಾಗಿ ‘ಬದಲಾವಣೆ’ಗೆ ಬಂದಿತು.

“ಇಂಥದೊಂದು ತಿರುಪು ಮೊಣಕಾಲಿನ ಹಿಂದೆಯೂ ಇದ್ದಿದ್ದರೆ...” ಎಂದು ಕಾಕಾ ಕಾಲು ನೀವಿಕೊಂಡರು.

ಮರುದಿನ ಹತ್ತು ಗಂಟೆಗೆ ನೋಡಿದ ಮುಳ್ಳು ಸಂಜೆ ನಾಲ್ಕಕ್ಕೆ ಕೂದಲೆಳೆಯಷ್ಟು ಇಳಿದಿತ್ತು. ನನಗೆ ಗಾಬರಿ. “ಒತ್ತಡ ಕುಸಿದರೆ ಮಳೆಯಲ್ಲವೇ?”

“ಕುಸಿದ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಮದುವೆ ಮನೆಯಲ್ಲಿ ಪಂಕ್ತಿ ತೆರವಾದಾಗ ನಾಲ್ಕೂ ದಿಕ್ಕಿನಿಂದ ಜನ ಬಂದು, ನಿಲ್ಲಲು ಜಾಗವಿಲ್ಲದೆ ಮಾಳಿಗೆ ಹತ್ತುವುದಿಲ್ಲವೇ? ಹಾಗೆ ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಆವಿ ಹನಿಯಾಗುತ್ತದೆ. ಒತ್ತಡ ಹೆಚ್ಚಿದಲ್ಲಿ ಗಾಳಿ ಕೆಳಗಿಳಿದು ಬೆಚ್ಚಗಾಗುತ್ತದೆ, ಮೋಡ ಕರಗುತ್ತದೆ.”

ಕಾಕಾ ಅಷ್ಟರಲ್ಲೇ ಕೊಡೆ ತರಿಸಿದ್ದರು. ಒಂದು ಹನಿಯೂ ಬೀಳಲಿಲ್ಲ. ಮೂರನೆಯ ದಿನವೂ ಹತ್ತಕ್ಕೆ ಏರಿಕೆ, ನಾಲ್ಕಕ್ಕೆ ಇಳಿಕೆ. ನಮ್ಮಂಥ ಬಿಸಿಲುನಾಡಿನಲ್ಲಿ ಒತ್ತಡ ದಿನಕ್ಕೆರಡು ಬಾರಿ ಹೀಗೆ ಉಬ್ಬಿ ಇಳಿಯುತ್ತದೆಯಂತೆ. ಅದಕ್ಕೂ ಮಳೆಗೂ ಸಂಬಂಧವಿಲ್ಲ. ನಿನ್ನೆಯ ನಾಲ್ಕನ್ನು ಇಂದಿನ ನಾಲ್ಕಕ್ಕೆ ಹೋಲಿಸಬೇಕು ಎಂದರು ಮಾಸ್ತರರು.

“ಅಂದರೆ ವಾತಾವರಣವೂ ಅಪ್ಪಟ ಪುಣೆಯದೇ” ಎಂದರು ಕಾಕಾ. “ನಾಲ್ಕು ಹೊಡೆಯುವವರೆಗೆ ಏಳುವುದಿಲ್ಲ!”

ಐದನೆಯ ದಿನ ಸಂಜೆ ಸಿಂಹಗಡದ ಕಡೆ ಮೋಡ ಕಪ್ಪಗೆ ಅಡರಿತು. ಎಲ್ಲರೂ ಮುಳ್ಳಿನ ಮೇಲೆ ಬಾಗಿದೆವು. ಇಳಿಯಬೇಕಾದ ಅದು, ದೂಳಿನ ಗಾಳಿ ಬೀಸಿದ ಮರುಕ್ಷಣ ಗಕ್ಕನೆ ‘ನಿರ್ಮಲ’ದ ಕಡೆಗೆ ಜಿಗಿಯಿತು. ಮಾಸ್ತರರ ಮುಖ ಅರಳಿತು. “ಗುಡುಗುಮೋಡದಿಂದ ತಣ್ಣನೆಯ, ಭಾರದ ಗಾಳಿ ದಬದಬನೆ ಕೆಳಗೆ ಬೀಳುತ್ತಿದೆ. ಅದಕ್ಕೇ ಒತ್ತಡ ಏರಿದೆ! ಇದು ಪುಸ್ತಕದಲ್ಲಿ...”

ಉಳಿದದ್ದು ನಮಗೆ ಕೇಳಿಸಲಿಲ್ಲ. ಆಲಿಕಲ್ಲು ತಗಡಿನ ಮೇಲೆ ಬಡಿಯುತ್ತಿತ್ತು. ಕೊಡೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ಕಾಕಾ, ಮಾಪಕವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದುಕೊಂಡು ಮನೆಯ ಕಡೆಗೆ ಓಡಿದರು. ಎಡ ಮೊಣಕಾಲಿನಲ್ಲಿ ನೋವಿದ್ದಂತೆ ಕಾಣಲಿಲ್ಲ.