‘ನಿರಪಾಯಕಾರಿ ಗೆಡ್ಡೆ’ಗೆ ಬೇರೆ ಪದವಿದೆಯೇ?

ಪದಬಲ್ಲವರಿಗೆ ತೀರ್ಥಹಳ್ಳಿಯಿಂದ ನಮಸ್ಕಾರ.

ನನ್ನ ಚಿಕ್ಕಮ್ಮನಿಗೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇರುವುದು ಹೋದ ವರ್ಷ ಗೊತ್ತಾಯಿತು. ಉಂಗುರ ಬಿಗಿಯಾಗಿತ್ತು, ಚಪ್ಪಲಿಯ ಅಳತೆ ಎರಡು ಸಲ ಬದಲಾಗಿತ್ತು. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತರೆ ಕೈ ಜೋಮು ಹಿಡಿಯತೊಡಗಿದಾಗ ಪರೀಕ್ಷೆ ಮಾಡಿಸಿದೆವು. ಆ ಗೆಡ್ಡೆಯಿಂದ ಬರುವ ಬೆಳವಣಿಗೆಯ ಹಾರ್ಮೋನು ಮಿತಿಮೀರಿತ್ತು. ಕಾಯಿಲೆಯ ಹೆಸರು ಅಕ್ರೊಮೆಗಲಿ. 1886ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ಮಾರಿ ಇಟ್ಟದ್ದು. ಗ್ರೀಕ್ ಭಾಷೆಯ ‘ತುದಿ’ ಮತ್ತು ‘ದೊಡ್ಡದು’ ಎಂಬ ಪದಗಳು ಕೂಡಿ ಆದ ಹೆಸರು. ಕೈಕಾಲುಗಳನ್ನು ನೋಡಿದವರಿಗೆ ಅರ್ಥ ತಾನಾಗಿ ತಿಳಿಯುತ್ತದೆ.

ತೊಡಕಾದದ್ದು ಇನ್ನೊಂದು ಪದದಿಂದ. ವರದಿಯಲ್ಲಿದ್ದ ‘ಬಿನೈನ್’ ಎಂಬುದನ್ನು ನಮಗೆ ‘ನಿರಪಾಯಕಾರಿ’ ಎಂದು ವಿವರಿಸಿದರು. ಅಪಾಯವಿಲ್ಲವೆಂದ ಮೇಲೆ ಅವಸರವೇಕೆ ಎಂದು ಚಿಕ್ಕಪ್ಪ ಆಪರೇಷನ್ನನ್ನು ಕೊನೆಕೊಯ್ಲು ಮುಗಿಯುವವರೆಗೆ ಮುಂದೂಡಿದರು. ನೆನೆದರೆ ಈಗಲೂ ಸಂಕಟವಾಗುತ್ತದೆ. ಗೆಡ್ಡೆ ಕ್ಯಾನ್ಸರಿನಂತೆ ಬೇರೆಡೆಗೆ ಹರಡುವುದಿಲ್ಲ ಎಂದಷ್ಟೇ ಆ ಪದದ ಅರ್ಥ. ಬಟಾಣಿ ಕಾಳಿನಷ್ಟಿರುವ ಗ್ರಂಥಿಯಲ್ಲಿ ಕುಳಿತೇ ಅದು ಹೃದಯವನ್ನು ದಣಿಸಬಲ್ಲದು, ಸಕ್ಕರೆ ಕಾಯಿಲೆ ತರಬಲ್ಲದು. ಬೆಳೆದರೆ ಮೇಲಿರುವ ಕಣ್ಣಿನ ನರಗಳನ್ನು ಒತ್ತಿ ಇಕ್ಕೆಲದ ನೋಟವನ್ನು ಕಸಿಯಬಲ್ಲದು. ಚಿಕ್ಕಮ್ಮನಿಗೆ ಆಮೇಲೆ ಮೂಗಿನ ಮೂಲಕವೇ ತೆಗೆದರು.

ಹಾಗಾದರೆ ಏನೆನ್ನೋಣ? ‘ಸಾಧು ಗೆಡ್ಡೆ’ ಎಂದರೆ ಹಾಯದ ದನ ನೆನಪಾಗಿ ಮತ್ತೆ ಅದೇ ಧೈರ್ಯ ಹುಟ್ಟುತ್ತದೆ. ‘ಗೆಡ್ಡೆ’ ಎಂದೊಡನೆ ನಮ್ಮ ಕಡೆ ಸುವರ್ಣಗೆಡ್ಡೆ, ಕೆಸವು ಕಣ್ಣಮುಂದೆ ಬರುತ್ತವೆ, ಅದಕ್ಕಿಂತ ‘ಗಂತಿ’ ಎಂಬ ಪದ ವಾಸಿ. ಅದು ಹಾರ್ಮೋನನ್ನು ಹೊರಬಿಡುವುದಕ್ಕೆ ಹೇಳುವ ‘ಸ್ರವಿಸು’ ಪಠ್ಯಪುಸ್ತಕದ ಪದ. ಆಷಾಢದ ಮಳೆಯಲ್ಲಿ ಧರೆಯಿಂದ ನೀರು ಒಸರುವುದನ್ನು ಕಂಡವರಿಗೆ ‘ಒಸರು’ ಬೇಗ ತಿಳಿಯುತ್ತದೆ. ‘ಹಾರ್ಮೋನು ಒಸರುವ, ಹರಡದ ಗಂತಿ’ ಎಂದರೆ ಹೇಗೆ? ‘ಒಸರು’ ಎಂಬುದರಲ್ಲಿ ಜಿನುಗುವ ನಿಧಾನವಿದೆ, ಇಲ್ಲಿಯದು ಅಳತೆ ಮೀರಿದ್ದು ಎಂಬ ಆಕ್ಷೇಪ ನನಗೇ ಇದೆ.

ಗ್ರಂಥಿಯ ಹೆಸರಿನ ಬಗ್ಗೆಯೂ ಒಂದು ಮಾತು. ಕೆಲವರು ‘ಪೀಯೂಷ ಗ್ರಂಥಿ’ ಎಂದು ಬರೆಯುತ್ತಾರೆ. ‘ಪಿಟ್ಯುಟರಿ’ ಹುಟ್ಟಿದ್ದು ಲ್ಯಾಟಿನ್ನಿನ ‘ಪಿಟುಯಿಟಾ’ದಿಂದ, ಹಾಗೆಂದರೆ ಕಫ. ಮೂಗಿನ ಸಿಂಬಳ ಅಲ್ಲಿಂದ ಬರುತ್ತದೆಂದು ಹಿಂದಿನವರು ನಂಬಿದ್ದರು. ಸಂಸ್ಕೃತದ ‘ಪೀಯೂಷ’ಕ್ಕೆ ಅಮೃತವೆಂದೂ ಗಿಣ್ಣುಹಾಲೆಂದೂ ಅರ್ಥವಿದೆ. ತಾಯಿಗೆ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹುಟ್ಟುವುದು ಇದೇ ಗ್ರಂಥಿಯಲ್ಲಿ. ನನಗೆ ಪೀಯೂಷವೇ ಇಷ್ಟ.

ಹರಡದ ಆದರೆ ಬಿಡಬಾರದ ಗಂತಿಗೆ ನಿಮ್ಮೂರಿನ ಹಿರಿಯರ ಬಾಯಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ಬರೆಯಿರಿ.