ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಒಂಬತ್ತು ತಾಸು: ಯಾವ ಸೆಟ್ಟಿಂಗ್ ಬದಲಿಸಲಿ?

ಪ್ರಶ್ನೆ (ಜಮಖಂಡಿಯಿಂದ): ಅಣ್ಣಾ, ನಮಸ್ಕಾರ. 2 ತಾಸು 40 ನಿಮಿಷದ ಮದುವೆ ವಿಡಿಯೋ ಪ್ರೀಮಿಯರ್ ಪ್ರೋ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೋರ್ಟ್ ಆಗಲು (ಕೊನೆಯ ಫೈಲ್ ತಯಾರಾಗಲು) ಒಂಬತ್ತು ತಾಸು ಹಿಡಿಯುತ್ತಿದೆ. ಮೊನ್ನೆ ಏಳನೆಯ ತಾಸಿನಲ್ಲಿ ಕರೆಂಟ್ ಹೋಗಿ ಎಲ್ಲವನ್ನೂ ಮೊದಲಿನಿಂದ ಹಾಕಬೇಕಾಯಿತು. ಶೂಟ್ ಮಾಡಿದ್ದು ಫುಲ್ ಎಚ್‌ಡಿ, 25 ಫ್ರೇಮ್. ಎಕ್ಸ್‌ಪೋರ್ಟ್ 4ಕೆ, ಎಚ್.264 (ವಿಡಿಯೋ ಕುಗ್ಗಿಸುವ ವಿಧಾನ), ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) 50 ಮೆಗಾಬಿಟ್, ವಿಬಿಆರ್ 2 ಪಾಸ್ (ದೃಶ್ಯಕ್ಕೆ ತಕ್ಕಂತೆ ಡೇಟಾ ಹಂಚಲು ವಿಡಿಯೋವನ್ನು ಎರಡು ಸಲ ಓದುವುದು). ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿಗೂ ಟಿಕ್ ಹಾಕಿದ್ದೇನೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಪ್ರೊಸೆಸರ್ ಒಂದೇ ದುಡಿಯುತ್ತಿರುತ್ತದೆ. ಹೊಸ ಕಂಪ್ಯೂಟರ್ ಕೊಳ್ಳಬೇಕೇ?

ಉತ್ತರ (ಬೆಳಗಾವಿಯ ಎಡಿಟರ್): ಬೇಡ ತಮ್ಮಾ, ದುಡ್ಡು ಉಳಿಸಿಕೊ. ನಿನ್ನ ಕಾರ್ಡ್ ಸುಮ್ಮನೆ ಕೂತಿರುವುದಕ್ಕೆ ಕಾರಣ ಆ 2 ಪಾಸ್. ಅದನ್ನು ಆರಿಸಿದರೆ ಹಾರ್ಡ್‌ವೇರ್ ಎನ್‌ಕೋಡಿಂಗ್, ಅಂದರೆ ಕಾರ್ಡ್‌ನಿಂದಲೇ ವಿಡಿಯೋ ಕುಗ್ಗಿಸುವ ಸೌಲಭ್ಯ, ಸಿಗುವುದಿಲ್ಲ. ಪ್ರೊಸೆಸರ್ ಇಡೀ ಮದುವೆಯನ್ನು ಎರಡು ಸಲ ಓದುತ್ತದೆ. 1 ಪಾಸ್ ಮಾಡು, ಪರ್ಫಾರ್ಮೆನ್ಸ್ ಎಂಬಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಬಂದಿದೆಯೇ ನೋಡು.

ಇನ್ನು 4ಕೆ. ಅದರಲ್ಲಿ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್‌ಗಳಿರುತ್ತವೆ. ಕ್ಯಾಮೆರಾ ಹಿಡಿಯದ ವಿವರವನ್ನು ಎಕ್ಸ್‌ಪೋರ್ಟ್ ಹುಟ್ಟಿಸುವುದಿಲ್ಲ. 1920×1080, 25 ಫ್ರೇಮ್ ಇರಲಿ. ಚಿತ್ರದ ಅಳತೆ ಬದಲಾಗದಿದ್ದರೆ ಮ್ಯಾಕ್ಸಿಮಮ್ ಕ್ವಾಲಿಟಿಯ ಟಿಕ್‌ನಿಂದಲೂ ಲಾಭವಿಲ್ಲ, ತೆಗೆದುಬಿಡು.

ಆದರೆ ಅವಸರಕ್ಕೆ ಬಿದ್ದು ಬಿಟ್‌ರೇಟ್ ಅನ್ನು 5ಕ್ಕೆ ಇಳಿಸಬೇಡ, ಕೈ ಮುಗಿದು ಹೇಳುತ್ತೇನೆ. ಅಕ್ಷತೆ ಬೀಳುವ ಗಳಿಗೆಯನ್ನು ನೆನಪಿಸಿಕೊ: ನೂರಾರು ಕಾಳು ಒಟ್ಟಿಗೆ ಹಾರುತ್ತವೆ, ಹಿಂದೆ ಇಳಕಲ್ ಸೀರೆಯ ಸೆರಗು. ಬಿಟ್ ಸಾಲದಿದ್ದರೆ ಅಲ್ಲಿಯೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಮನೆಯವರು ಮತ್ತೆಮತ್ತೆ ನೋಡುವುದೂ ಅದನ್ನೇ. ನಾನು 16 ಮೆಗಾಬಿಟ್ ಇಡುತ್ತೇನೆ. ಮೊದಲು ಅಕ್ಷತೆಯ 30 ಸೆಕೆಂಡ್ ಮಾತ್ರ ಎಕ್ಸ್‌ಪೋರ್ಟ್ ಮಾಡಿ ದೊಡ್ಡ ಟಿವಿಯಲ್ಲಿ ನೋಡು.

ರಾತ್ರಿ ಮೆರವಣಿಗೆಯ ಕ್ಲಿಪ್‌ಗಳಿಗೆ ನಾಯ್ಸ್ (ಕತ್ತಲಲ್ಲಿ ಚಿತ್ರದ ಮೇಲೆ ಕಾಣುವ ಚುಕ್ಕೆಗಳು) ತೆಗೆಯುವ ಎಫೆಕ್ಟ್ ಹಾಕಿದ್ದೀಯಾ? ಅದು ಸಮಯ ತಿನ್ನುತ್ತದೆ. ಅಷ್ಟನ್ನೇ ಮೊದಲು ರೆಂಡರ್ ಆ್ಯಂಡ್ ರಿಪ್ಲೇಸ್ ಮಾಡಿಟ್ಟುಕೊ, ಅಂದರೆ ಎಫೆಕ್ಟ್ ಸಮೇತ ಹೊಸ ಕ್ಲಿಪ್ ಆಗಿಸಿ ಹಳೆಯದರ ಜಾಗದಲ್ಲಿ ಇಡು.

ಮರುಪ್ರಶ್ನೆ: 1 ಪಾಸ್ ಮಾಡಿದ ಮೇಲೆ ಕಾರ್ಡ್ ಕೆಲಸಕ್ಕೆ ಇಳಿಯಿತು ಅಣ್ಣಾ! ಅಕ್ಷತೆಯೂ ಸ್ವಚ್ಛವಾಗಿದೆ. ಎಚ್.264 ಬದಲು ಅದಕ್ಕಿಂತ ಹೊಸದಾದ ಎಚ್.265 ಮಾಡಿದರೆ ಇನ್ನೂ ಒಳ್ಳೆಯದೇ? ಗ್ರಾಹಕರ ಪೆನ್‌ಡ್ರೈವ್‌ಗೆ ದೊಡ್ಡ ಫೈಲ್ ಕಾಪಿಯೂ ಆಗುತ್ತಿಲ್ಲ.

ಉತ್ತರ: ಎಚ್.265 ಬೇಡ. ಫೈಲ್ ಚಿಕ್ಕದಾಗುತ್ತದೆ, ಆದರೆ ಹಳ್ಳಿಯ ಮನೆಯ ಹಳೆಯ ಟಿವಿ ಅದನ್ನು ತೆರೆಯದಿದ್ದರೆ ಫೋನ್ ಬರುವುದು ನಿನಗೇ. ಕಾಪಿ ಆಗದಿರುವುದಕ್ಕೆ ಕಾರಣ, ಪೆನ್‌ಡ್ರೈವ್ ಬಹುಶಃ ಫ್ಯಾಟ್32 (ಫೈಲ್ ಜೋಡಿಸಿಡುವ ಹಳೆಯ ಪದ್ಧತಿ) ಮಾದರಿಯದ್ದು. ಅದರಲ್ಲಿ ಒಂದೊಂದು ಫೈಲೂ 4 ಜಿಬಿಯೊಳಗಿರಬೇಕು. 16 ಮೆಗಾಬಿಟ್ ಎಂದರೆ ಸೆಕೆಂಡಿಗೆ 2 ಎಂಬಿ, ಅರ್ಧ ತಾಸಿಗೆ ಸುಮಾರು 3.6 ಜಿಬಿ. ಟೈಮ್‌ಲೈನ್‌ನಲ್ಲಿ ಇನ್, ಔಟ್ ಗುರುತು ಹಾಕಿ ಅರ್ಧರ್ಧ ತಾಸಿನ ಆರು ಭಾಗ ಮಾಡು, ಕೊನೆಯದು ಹತ್ತೇ ನಿಮಿಷ. ಅರ್ಧ ತಾಸಿನ ಆಸುಪಾಸಿನಲ್ಲೇ, ಅರಿಶಿನ, ಅಕ್ಷತೆ, ಊಟ ಎಂದು ಶಾಸ್ತ್ರ ಮುಗಿಯುವಲ್ಲಿ ಕತ್ತರಿಸಿದರೆ ನೋಡುವವರಿಗೂ ಹಿತ. ಕರೆಂಟ್ ಹೋದರೂ ಮತ್ತೆ ಹಾಕಬೇಕಾಗುವುದು ಒಂದೇ ಭಾಗ.