ಬ್ರೋಕರ್, ಏಜೆಂಟ್, ಮೀಡಿಯೇಟರ್: ಎಲ್ಲರನ್ನೂ ‘ಮಧ್ಯವರ್ತಿ’ ಎನ್ನಬಹುದೇ?

ಪ್ರಶ್ನೆ: ಕರಡು_ತಿದ್ದುವವಳು

ನಮಸ್ಕಾರ. ಒಂದು ವ್ಯಾಪಾರದ ಕರಾರನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾಲಿಗೆ ಗಿರಾಕಿ ಹುಡುಕಿಕೊಡುವ ಬ್ರೋಕರ್ ಅದರಲ್ಲಿದ್ದಾನೆ. ಕಂಪನಿಯ ಪರವಾಗಿ ಸಹಿ ಹಾಕಬಲ್ಲ ಏಜೆಂಟ್ ಬೇರೆ. ತಕರಾರು ಬಂದರೆ ಮೊದಲು ಮೀಡಿಯೇಟರ್ ಹತ್ತಿರ, ಅಲ್ಲಿ ಬಗೆಹರಿಯದಿದ್ದರೆ ಆರ್ಬಿಟ್ರೇಟರ್ ಹತ್ತಿರ ಹೋಗಬೇಕು ಎಂದಿದೆ. ನನಗಿಂತ ಮೊದಲು ಕರಡು ಮಾಡಿದವರು ನಾಲ್ವರಿಗೂ ‘ಮಧ್ಯವರ್ತಿ’ ಎಂದೇ ಬರೆದಿದ್ದಾರೆ. ಹಾಗೆ ಓದಿದರೆ ಕಮಿಷನ್ ತಿಂದವನೇ ಕೊನೆಗೆ ತೀರ್ಪನ್ನೂ ಕೊಡುತ್ತಾನೆ ಎಂದಾಗುತ್ತದೆ. ಬ್ರೋಕರ್‌ಗೆ ‘ದಲ್ಲಾಳಿ’ ಎನ್ನೋಣವೆಂದರೆ ಅದು ಬೈದ ಹಾಗೆ ಕೇಳುತ್ತದೆ ಎಂದು ಜೊತೆಯವರು ಒಪ್ಪುತ್ತಿಲ್ಲ. ತಿಳಿದವರು ದಾರಿ ಹೇಳಿ.

ಉತ್ತರ: ಸರಳಗನ್ನಡ

ಬ್ರೋಕರ್, ಏಜೆಂಟ್ ಎಂದೇ ಬರೆದುಬಿಡಿ ಮೇಡಂ. ಓದುವವರಿಗೆಲ್ಲ ಗೊತ್ತಿರುವ ಪದಗಳು. ಕೊನೆಯ ಇಬ್ಬರಿಗೆ ಮಾತ್ರ ಕನ್ನಡ ಹುಡುಕಿದರೆ ಸಾಕು.

ಉತ್ತರ: ಪತ್ರಬರಹಗಾರ

ಕ್ರಯಪತ್ರ, ಕರಾರುಪತ್ರ ಬರೆದುಕೊಂಡೇ ಬದುಕು ನಡೆಸಿದವನು ನಾನು. ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಪತ್ರದಲ್ಲಿ ಈ ಪದಗಳು ಕಲಸಿಹೋದರೆ ಮುಂದೆ ಯಾರು ಯಾರಿಗೆ ಜವಾಬ್ದಾರರು ಎಂಬುದೇ ಕಲಸಿಹೋಗುತ್ತದೆ.

ಪದ ಹುಡುಕುವ ಮೊದಲು ಆ ಮನುಷ್ಯನ ಕೆಲಸ ನೋಡಿ. ಅವನು ಸಹಿ ಹಾಕಿದರೆ ಅದಕ್ಕೆ ಕಟ್ಟುಬೀಳುವವರು ಯಾರು? ಬ್ರೋಕರ್ ಎರಡು ಕಡೆಯವರನ್ನು ಮುಖಾಮುಖಿ ಮಾಡಿಸುತ್ತಾನೆ, ದರದ ಮಾತು ಆಡಿಸುತ್ತಾನೆ, ವ್ಯವಹಾರ ಕುದುರಿದರೆ ಕಮಿಷನ್ ತೆಗೆದುಕೊಳ್ಳುತ್ತಾನೆ. ಸಾಮಾನ್ಯವಾಗಿ ಮಾಲು ಅವನ ವಶಕ್ಕೆ ಬರುವುದಿಲ್ಲ. ಏಜೆಂಟನ ಸಂಗತಿ ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 182ನೇ ಕಲಮಿನ ಪ್ರಕಾರ, ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ಅಥವಾ ಮೂರನೆಯವರ ಜೊತೆಗಿನ ವ್ಯವಹಾರದಲ್ಲಿ ಅವರನ್ನು ಪ್ರತಿನಿಧಿಸಲು ನೇಮಕಗೊಂಡವನು ಏಜೆಂಟ್. ತನಗೆ ಕೊಟ್ಟ ಅಧಿಕಾರದೊಳಗೆ ಅವನು ಮಾಡಿದ ಕರಾರು, ನೇಮಿಸಿದವರೇ ಖುದ್ದಾಗಿ ಮಾಡಿದಷ್ಟು ಗಟ್ಟಿ. ಆದ್ದರಿಂದ ಅವನನ್ನು ‘ಪ್ರತಿನಿಧಿ’ ಎನ್ನಿ. ಅಧಿಕಾರ ಪತ್ರ ಬರೆಸಿಕೊಂಡವನಾದರೆ ಹಳೆಯ ದಸ್ತಾವೇಜುಗಳ ‘ಮುಖ್ತ್ಯಾರ’ ಎಂಬ ಪದವೂ ಇದೆ. ಆದರೆ ಈಗ ಎಲ್ಲರ ಬಾಯಲ್ಲೂ ‘ಜಿಪಿಎ ಹೋಲ್ಡರ್’, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ಪಡೆದವನು.

ಮಾಲನ್ನು ತನ್ನ ವಶಕ್ಕೆ ತೆಗೆದುಕೊಂಡು, ತನ್ನ ಹೆಸರಿನಲ್ಲೇ ಮಾರಿಕೊಡುವ ಮತ್ತೊಂದು ಬಗೆಯವರಿದ್ದಾರೆ. ಇಂಗ್ಲಿಷಿನಲ್ಲಿ ಅವರು ಫ್ಯಾಕ್ಟರ್. ಈಸ್ಟ್ ಇಂಡಿಯಾ ಕಂಪನಿ 1613ರಲ್ಲಿ ಸೂರತ್‌ನಲ್ಲಿ ತೆರೆದ ‘ಫ್ಯಾಕ್ಟರಿ’ಯಲ್ಲಿ ಯಂತ್ರಗಳಿರಲಿಲ್ಲ. ಅದು ಈ ಫ್ಯಾಕ್ಟರ್‌ಗಳ ಕೋಠಿ. ನಿಮ್ಮ ಕರಾರಿನಲ್ಲಿ ಅಂಥವನಿದ್ದರೆ ಅವನನ್ನು ದಲ್ಲಾಳಿಗಳ ಸಾಲಿಗೆ ಸೇರಿಸಬೇಡಿ. ಮಾಲು ಹಾಳಾದರೆ ಮೊದಲು ಕೇಳಬೇಕಾದವನು ಅವನು.

ಇನ್ನು ‘ಮಧ್ಯಸ್ಥ’. ಈ ಪದವನ್ನು ಕಮಿಷನ್ನಿನವರಿಗೆ ಬಿಟ್ಟುಕೊಡಬಾರದು ಎಂಬುದು ನನ್ನ ಹಟ. ಭಗವದ್ಗೀತೆಯ ಆರನೆಯ ಅಧ್ಯಾಯದ ಒಂಬತ್ತನೆಯ ಶ್ಲೋಕದಲ್ಲಿ ಉದಾಸೀನ, ಮಧ್ಯಸ್ಥ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ. ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ, ಜಗಳವಾಡುವ ಇಬ್ಬರ ಹಿತವನ್ನೂ ಬಯಸುವವನು ಮಧ್ಯಸ್ಥ ಎಂದು ಶಂಕರಾಚಾರ್ಯರು ಬಿಡಿಸಿ ಹೇಳಿದ್ದಾರೆ. ಮೀಡಿಯೇಟರ್‌ಗೆ ಇದಕ್ಕಿಂತ ಒಪ್ಪುವ ಪದ ನನಗೆ ಕಾಣದು. ಅವನು ತೀರ್ಪು ಕೊಡುವುದಿಲ್ಲ, ಎರಡೂ ಕಡೆಯವರು ತಾವೇ ಒಂದು ಒಪ್ಪಂದಕ್ಕೆ ಬರುವ ಹಾಗೆ ಮಾತು ನಡೆಸುತ್ತಾನೆ. ಆರ್ಬಿಟ್ರೇಟರ್ ಕೊಡುವುದು ತೀರ್ಪು. 1996ರ ಆರ್ಬಿಟ್ರೇಶನ್ ಕಾಯ್ದೆಯಂತೆ ಅದನ್ನು ಕೋರ್ಟಿನ ಡಿಕ್ರಿಯ ಹಾಗೆ ಜಾರಿ ಮಾಡಿಸಬಹುದು. ಪತ್ರಿಕೆಗಳು ಎರಡನ್ನೂ ‘ಮಧ್ಯಸ್ಥಿಕೆ’ ಎಂದು ಬರೆದುಬಿಡುತ್ತವೆ, ಗೊಂದಲ ಹುಟ್ಟುವುದೇ ಅಲ್ಲಿ. ನಾನಾದರೆ ಆರ್ಬಿಟ್ರೇಟರ್‌ಗೆ ‘ಪಂಚ’ ಎನ್ನುತ್ತೇನೆ. ಅವನು ಕೊಡುವ ತೀರ್ಪಿಗೆ, ಅಂದರೆ ಅವಾರ್ಡ್‌ಗೆ, ‘ಐತೀರ್ಪು’ ಎಂಬ ಪದ ಸರ್ಕಾರಿ ಕಡತಗಳಲ್ಲಿ ಆಗಲೇ ಬಳಕೆಯಲ್ಲಿದೆ.

‘ಸಂಧಾನಕಾರ’ ಎಂದು ಯಾರಾದರೂ ಸೂಚಿಸಬಹುದು. ಹಸ್ತಿನಾವತಿಗೆ ಸಂಧಾನಕ್ಕೆ ಹೋದ ಕೃಷ್ಣ ಪಾಂಡವರ ಕಡೆಯವನು, ಅವರಿಗಾಗಿ ಐದು ಊರು ಕೇಳಿದವನು. ಸಂಧಾನ ಮಾಡುವವನು ಒಂದು ಪಕ್ಷದವನೂ ಆಗಿರಬಹುದು ಎಂಬುದನ್ನು ನೆನಪಿಡಿ. ನಡುವೆ ನಿಲ್ಲಲೇಬೇಕಾದವನಿಗೆ ಆ ಪದ ಸಾಲದು.

ಉತ್ತರ: ಪದದಬೆನ್ನುಹತ್ತಿ

ಪತ್ರಬರಹಗಾರರಿಗೆ ವಂದನೆ. ದಲ್ಲಾಳಿಯ ಪರವಾಗಿ ನನ್ನದೊಂದು ಮಾತು. ಅರಬ್ಬಿಯ ‘ದಲ್ಲಾಲ್’ ಪಾರಸಿಯ ಮೂಲಕ ನಮ್ಮ ಭಾಷೆಗಳಿಗೆ ಬಂತು. ಆ ಧಾತುವಿಗೆ ದಾರಿ ತೋರಿಸು, ಸೂಚಿಸು ಎಂದು ಅರ್ಥ. ಮೂಲದಲ್ಲಿ ಅವಮಾನದ ಎಳೆಯೂ ಇಲ್ಲ. ಇನ್ನು ‘ದುಭಾಷಿ’ ನೋಡಿ. ಎರಡು ಭಾಷೆ ಬಲ್ಲವನು ಎಂಬಷ್ಟೇ ಅರ್ಥದ ಆ ಪದ, ಕೋರಮಂಡಲ ಕರಾವಳಿಯಲ್ಲಿ ಯುರೋಪಿನ ವರ್ತಕರಿಗೂ ಸ್ಥಳೀಯರಿಗೂ ನಡುವೆ ವ್ಯವಹಾರ ನಡೆಸುವವನ ಹುದ್ದೆಯ ಹೆಸರಾಯಿತು. ಪಾಂಡಿಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಗೆ ದುಭಾಷಿಯಾಗಿದ್ದ ಆನಂದ ರಂಗ ಪಿಳ್ಳೈ ತಾವೇ ದೊಡ್ಡ ವ್ಯಾಪಾರಿ. 1736ರಿಂದ ಅವರು ಬರೆದಿಟ್ಟ ದಿನಚರಿ ಇಂದು ಇತಿಹಾಸಕಾರರಿಗೆ ಆಧಾರ. ಚೀನಾದ ಬಂದರುಗಳಲ್ಲಿ ಇಂಥ ಕೆಲಸ ಮಾಡುತ್ತಿದ್ದವರು ‘ಕಾಂಪ್ರಡೋರ್’, ಕೊಳ್ಳುವವನು ಎಂಬ ಪೋರ್ಚುಗೀಸ್ ಪದ. ಪರದೇಶದ ವರ್ತಕರು ಈ ನಡುವಿನವರ ಮೇಲೆ ಎಷ್ಟು ಆತುಕೊಂಡಿದ್ದರು ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ದುಡಿಮೆಯ ಹೆಸರನ್ನು ಬೈಗುಳಕ್ಕೆ ಬಿಟ್ಟುಕೊಟ್ಟು ನಾವು ಬೇರೆ ಪದ ಹುಡುಕುತ್ತಾ ಹೋದರೆ, ಆ ಬೇರೆ ಪದಕ್ಕೂ ನಾಳೆ ಅದೇ ಗತಿ. ಬ್ರೋಕರ್ ಎಂಬುದನ್ನೂ ಈಗಾಗಲೇ ಜನ ಮೂಗು ಮುರಿದೇ ಹೇಳುತ್ತಾರಲ್ಲ.

ಕರಡು_ತಿದ್ದುವವಳು

ಇಬ್ಬರಿಗೂ ತುಂಬಾ ಧನ್ಯವಾದ. ಪ್ರತಿನಿಧಿ, ಮಧ್ಯಸ್ಥ, ಪಂಚ ಮೂರನ್ನೂ ತೆಗೆದುಕೊಳ್ಳುತ್ತೇನೆ. ದಲ್ಲಾಳಿಯ ಬಗ್ಗೆ ಜೊತೆಯವರನ್ನು ಒಪ್ಪಿಸುತ್ತೇನೆ. ಆದರೆ ಕರಾರಿನಲ್ಲಿ ಅವನ ಹಣದ ಮಾತೂ ಪದೇ ಪದೇ ಬರುತ್ತದೆ. ‘ದಲಾಲಿ’ ಎಂದರೆ ಆ ಮನುಷ್ಯನೋ, ಅವನಿಗೆ ಸಲ್ಲುವ ಹಣವೋ?

ಪತ್ರಬರಹಗಾರ

ಆಡುಮಾತಿನಲ್ಲಿ ಎರಡಕ್ಕೂ ನಡೆಯುತ್ತದೆ, ಅದಕ್ಕೇ ಪತ್ರದಲ್ಲಿ ಬೇಡ. ಮನುಷ್ಯನಿಗೆ ‘ದಲ್ಲಾಳಿ’, ಹಣಕ್ಕೆ ‘ದಲ್ಲಾಳಿ ಶುಲ್ಕ’ ಎಂದು ಮೊದಲ ಪುಟದ ವ್ಯಾಖ್ಯೆಯಲ್ಲೇ ಕಟ್ಟಿಹಾಕಿ. ಆ ಶುಲ್ಕ ಯಾವಾಗ ಸಲ್ಲಬೇಕು, ಮಾತು ಕುದುರಿದಾಗಲೋ ಹಣ ಕೈಸೇರಿದಾಗಲೋ, ಅದನ್ನು ಮೂಲದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ನಾನು ಕಂಡ ದಲ್ಲಾಳಿ ತಕರಾರುಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನ ಮೇಲೇ ನಡೆದವು.